ದೊರೆಯ ಹಗ್ಗ

ಹಗ್ಗ ಕಿತ್ತು ಕೈಗೆ ಬಂದಾಗ ಯಾರೂ ಬಯ್ಯಲಿಲ್ಲ. ರಾಜೀವನನ್ನು ಕೊರೆಯತೊಡಗಿದ್ದು ಅದೇ. ದೋಣಿಯ ಹಿಂಬದಿಯಲ್ಲಿ ಕಾಲು ಊರಿ ನಿಂತು, ಮಾವ ಬೇಡ ಎನ್ನುವ ಮೊದಲೇ ಮುಂದೆ ಬಾಗಿ, ಮೋಟರಿನ ಹಗ್ಗದ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು, ಮನೆಅಳಿಯನಾಗಿ ಕಳೆದ ಐದು ವರ್ಷದ ಸಂಕೋಚವನ್ನೆಲ್ಲ ಒಂದೇ ಏಟಿಗೆ ಕಿತ್ತೆಸೆಯುವವನಂತೆ ಎಳೆದಿದ್ದ. ಟಪ್ ಎಂದಿತು. ಮರದ ಹಿಡಿಯೂ ಅದಕ್ಕೆ ನೇತುಬಿದ್ದ ಗೇಣುದ್ದದ ಹಗ್ಗವೂ ಅವನ ಕೈಯಲ್ಲಿ ಉಳಿದವು, ಮಿಕ್ಕ ಹಗ್ಗ ಸರ್ರನೆ ಮೋಟರಿನ ತಲೆಯೊಳಗೆ ಸೇರಿ ಮಾಯವಾಯಿತು, ಅವನು ಹೋಗಿ ಕೂತದ್ದು ಅತ್ತೆ ತಂದಿಟ್ಟಿದ್ದ ಕೋಡುಬಳೆ ಡಬ್ಬದ ಮೇಲೆ. ದಡದಲ್ಲಿ ನಿಂತಿದ್ದ ಮಾವ ಮಂಜಯ್ಯನವರ ಮುಖವನ್ನು ಅವನು ಆಸೆಯಿಂದ ನೋಡಿದ. ಹೌದು, ಆಸೆಯಿಂದಲೇ. ಈಗ ಬಂತು, ಈಗ ಬಯ್ಯುತ್ತಾರೆ, ಬಯ್ಯದೆ ಇನ್ನೇನು ಮಾಡಿಯಾರು ಅಂದುಕೊಂಡ. ಮಂಜಯ್ಯನವರ ಹುಬ್ಬು ಮೇಲೇರಿತು, ಮೀಸೆ ಅಲುಗಿತು, ಗಂಟಲಲ್ಲಿ ಏನೋ ಹೊರಳಿತು. ಆಮೇಲೆ ಎಲ್ಲ ಇಳಿಯಿತು. "ಪರವಾಗಿಲ್ಲ ಬಿಡಿ ಅಳಿಯಂದಿರೇ," ಅಂದರು, "ಹಳೇ ಹಗ್ಗ. ಅದರ ಆಯುಸ್ಸು ಮುಗ್ದಿತ್ತು ಅಷ್ಟೆ." ಅತ್ತೆ ವಿಮಲಮ್ಮ ಕೊಡೆ ಮಡಿಸಿ, "ಕೈಗೆ ಪೆಟ್ಟಾಯ್ತಾ ನೋಡಿ, ಅರಿಶಿನ ಹಚ್ಚಿ ಕೊಡ್ಲಾ?" ಅಂದರು. ಚಪ್ಪಟೆಯಾದ ಡಬ್ಬದ ಬಗ್ಗೆ ಒಂದು ಮಾತಿಲ್ಲ. ಮಂಜಯ್ಯನವರು ಗಂಟಲಲ್ಲಿ ಉಳಿದದ್ದನ್ನು ಎಲ್ಲಾದರೂ ಉಗಿಯಲೇಬೇಕಿತ್ತಲ್ಲ, ಪಕ್ಕದಲ್ಲಿ ಹುಟ್ಟು ಹಿಡಿದು ನಿಂತಿದ್ದ ಮೇಸ್ತ್ರಿ ತಮ್ಮಯ್ಯನ ಕಡೆ ತಿರುಗಿದರು. "ಲೋ ತಮ್ಮಯ್ಯ, ಒಂದು ದಿನ ಆ ಹಗ್ಗ ಬಿಚ್ಚಿ ನೋಡಿದ್ಯೇನೋ? ಒಂದು ಹನಿ ಎಣ್ಣೆ ತೋರ್ಸಿದ್ಯಾ? ದಂಡಪಿಂಡ ಕಣೋ ನೀನು, ನಿನ್ನ ಕಟ್ಕೊಂಡು ನಾನು ಹಾಳಾದೆ ಮಾರಾಯ!" ತಮ್ಮಯ್ಯ ಹಲ್ಲು ಬಿಟ್ಟುಕೊಂಡು ಅಷ್ಟನ್ನೂ ಕೇಳಿಸಿಕೊಂಡ. ಮದುವೆಮನೆಯಲ್ಲಿ ತನ್ನ ಎಲೆಗೆ ಬೀಳಬೇಕಾದ ಹೋಳಿಗೆಯನ್ನು ಪಕ್ಕದವನ ಎಲೆಗೆ ಬಡಿಸಿದ ಹಾಗಾಯಿತು ರಾಜೀವನಿಗೆ.

ಆ ಮೋಟರಿಗೆ ಮನೆಯಲ್ಲಿ ದೊರೆ ಎಂದೇ ಹೆಸರು. ಬಾಳೂರಿನ ಕಡೆಯ ತೋಟವೊಂದನ್ನು ಮಾರಿ ತನ್ನ ದೇಶಕ್ಕೆ ಹೊರಟ ಬಿಳಿಯನೊಬ್ಬನಿಂದ ಮಂಜಯ್ಯನವರ ತಂದೆ ಕೊಂಡದ್ದು. ದೋಣಿಯ ಹಿಂಬದಿಗೆ ಕಚ್ಚಿಸುವ ಮೋಟರು ಅದು. ಮೇಲೆ ಮಡಕೆಯಷ್ಟು ದಪ್ಪನೆಯ ತಲೆ, ಅದರಿಂದ ನೀರಿಗಿಳಿಯುವ ಒಂದೇ ಕಾಲು, ಕಾಲಿನ ತುದಿಯಲ್ಲಿ ಫ್ಯಾನು. ತಲೆಯ ಮೇಲಿನ ಕವಚದಿಂದ ಒಂದು ಹಗ್ಗ ಹೊರಗೆ ಬರುತ್ತದೆ. ಎಳೆದರೆ ಎಂಜಿನ್ನು ತಿರುಗುತ್ತದೆ, ಬಿಟ್ಟರೆ ಒಳಗಿನ ಸ್ಪ್ರಿಂಗು ಹಗ್ಗವನ್ನು ತಾನೇ ಒಳಕ್ಕೆ ಎಳೆದುಕೊಳ್ಳುತ್ತದೆ. ದೊರೆ ಕೆಲಸಕ್ಕೆ ಬರುವವನಲ್ಲ. ಗೊಬ್ಬರ ಹೊರಲಾರ, ತೋಟಕ್ಕೆ ನೀರು ಹಾಯಿಸಲಾರ. ವರ್ಷಕ್ಕೊಮ್ಮೆ, ಹೂಮಳೆ ಬಿದ್ದು ವಾರ ಕಳೆದು ಕಾಫಿ ಬಿರಿದ ದಿನ, ಮಂಜಯ್ಯನವರೂ ವಿಮಲಮ್ಮನವರೂ ಅವನ ಮುಂದೆ ಕೂತು ಕೆರೆಯ ಆಚೆ ದಡದ ತನಕ ಹೋಗಿ ಬರುತ್ತಾರೆ. ಆಚೆಯ ಗುಡ್ಡವಿಡೀ ರೊಬಸ್ಟಾ ಕಾಫಿ. ದಾರಿಯಿಂದ ನೋಡಿದರೆ ಗಿಡ ಕಾಣುತ್ತದೆ, ನೀರಿನ ನಡುವಿನಿಂದ ನೋಡಿದರೆ ಹೂವೊಂದೇ ಕಾಣುತ್ತದೆ. ಅದಕ್ಕೆ ಹೂ ನೋಡೋದು ಅನ್ನುತ್ತಾರೆ. ವಿಮಲಮ್ಮ ಮದುವೆಯಾಗಿ ಬಂದ ವರ್ಷ ಶುರುವಾದದ್ದು, ಮಗಳು ಶಾಲಿನಿ ಹುಟ್ಟಿದ ವರ್ಷವೊಂದು ಬಿಟ್ಟರೆ ತಪ್ಪಿದ್ದಿಲ್ಲವಂತೆ. ಹೂವಿನ ಆಯುಸ್ಸು ಎಷ್ಟು? ಇವತ್ತು ಬೆಳ್ಳಗೆ, ನಾಳೆ ಮಾಸಲು, ನಾಳಿದ್ದು ಗಿಡದ ತುಂಬ ಕಂದು ಕಸ. ಈ ವರ್ಷದ ಹೂವನ್ನು ರಾಜೀವ ಕಿತ್ತುಹಾಕಿದ್ದ, ಹೂವಿನ ಹತ್ತಿರ ಹೋಗದೆಯೇ.

"ಮೂಡಿಗೆರೆಯಿಂದ ಮೆಕ್ಯಾನಿಕ್ಕನ್ನ ಕರ್ಸೋಣ," ಅಂದರು ಮಂಜಯ್ಯನವರು. "ಫೋನೇ ಸತ್ತು ವಾರ ಆಯ್ತಲ್ಲ," ಅಂದರು ವಿಮಲಮ್ಮ, ಕೊಡೆಯ ತುದಿಯಿಂದ ಮಣ್ಣು ಕೆದಕುತ್ತ. "ಹೋಗ್ಲಿ ಬಿಡಿ, ಬರೋ ವರ್ಷ ನೋಡಿದ್ರಾಯ್ತು. ಹೂ ಏನು ಓಡಿಹೋಗುತ್ತಾ." ಗರಿಗರಿ ಸೀರೆ ಉಟ್ಟಿದ್ದರು ಪಾಪ. ರಾಜೀವನ ಬಾಯಿಂದ ಅವನಿಗೇ ಗೊತ್ತಿಲ್ಲದೆ ಮಾತು ಹೊರಬಿತ್ತು: "ನಾನೇ ಕಟ್ತೀನಿ ಮಾವ. ಇವತ್ತೇ." ಹೆತ್ತ ಮಗ ಹೀಗಂದಿದ್ದರೆ, ಮುಚ್ಕೊಂಡು ಒಳಗೆ ಹೋಗೋ ಅನ್ನುತ್ತಿದ್ದರು. ಮಂಜಯ್ಯನವರು ಅಂದದ್ದು, "ಆಗ್ಲಿ, ನಿಮ್ಮಿಷ್ಟ."

ನಿಮ್ಮಿಷ್ಟ. ಮೋಟರಿನ ತಲೆಯ ಕವಚವನ್ನು ಮೂರು ಬೋಲ್ಟು ಬಿಚ್ಚಿ ಎತ್ತಿ, ಎದೆಗವಚಿಕೊಂಡು ದಿಣ್ಣೆ ಹತ್ತುವಾಗ ಆ ಒಂದು ಪದ ಅವನ ಹಿಂದೆಯೇ ಬಂತು. ಈ ಮನೆಯಲ್ಲಿ ಎಲ್ಲವೂ ಅವನ ಇಷ್ಟ. ಸ್ನಾನಕ್ಕೆ ಮೊದಲ ನೀರು ಅವನಿಗೆ, ಮೊದಲ ರೊಟ್ಟಿ ಅವನ ತಟ್ಟೆಗೆ, ಬೆನ್ನಿರುವ ಕುರ್ಚಿ ಅವನಿಗೆ. ಗುದ್ದಲಿಗೆ ಕೈ ಹಾಕಿದರೆ ಅದು ಕೈಯಿಂದ ಜಾರಿ ಇನ್ನೊಬ್ಬರ ಕೈ ಸೇರಿರುತ್ತದೆ, "ನಿಮಗ್ಯಾಕೆ ಅಳಿಯಂದಿರೇ ಈ ರಗಳೆ". ಹೋದ ವರ್ಷ ಗಿಡಕ್ಕೆ ಹೊಡೆಯುವ ಬೋರ್ಡೋ ಔಷಧಿಗೆ ತುತ್ತ, ಸುಣ್ಣ ಕಲೆಸುವ ದಿನ ಹಟ ಮಾಡಿ ತಾನೇ ಸುಣ್ಣ ಅಳೆದು ಹಾಕಿದ್ದ, ಜಾಸ್ತಿ ಹಾಕಿದ್ದ. ಮಾವ ಪೀಪಾಯಿಯೊಳಗೆ ನೋಡಿ, "ಆಗುತ್ತೆ, ಆಗುತ್ತೆ, ಚೆನ್ನಾಗಾಗಿದೆ" ಅಂದು ಅವನ ಬೆನ್ನು ತಟ್ಟಿ ಮನೆಗೆ ಕಳಿಸಿದ್ದರು. ಮನೆಯ ಮೆಟ್ಟಿಲ ಮೇಲಿಂದ ತಿರುಗಿ ನೋಡಿದರೆ ತಮ್ಮಯ್ಯ ಸದ್ದಿಲ್ಲದೆ ಪೀಪಾಯಿಯನ್ನು ಚರಂಡಿಗೆ ಬಗ್ಗಿಸುತ್ತಿದ್ದ. ಆ ನೀಲಿ ನೀರು ಹರಿದುಹೋದದ್ದು ಇವತ್ತಿಗೂ ಕಣ್ಣ ಮುಂದೆ ಬರುತ್ತದೆ, ಹಲ್ಲುಜ್ಜುವಾಗ, ಪೇಪರು ಓದುವಾಗ, ಸುಮ್ಮಸುಮ್ಮನೆ. ಕಡೂರಿನಲ್ಲಿ ಅವನು ಹುಡುಗನಾಗಿದ್ದಾಗ ಬಾವಿಯ ಹಗ್ಗ ಕಿತ್ತು ಹೊಸ ತಾಮ್ರದ ಕೊಡವನ್ನು ನೀರಿಗೆ ಬೀಳಿಸಿದ್ದ. ಅವ್ವ ಬೆಳಗಿನಿಂದ ಸಂಜೆಯ ತನಕ ಬಯ್ದಿದ್ದಳು. ನಿನ್ನ ಕೈ ಸೇದೋಗ, ನಿನ್ನಂಥವನ್ನ ಹೆತ್ತ ಹೊಟ್ಟೆಗೆ ಬೆಂಕಿ ಬೀಳ, ಎಂಥೆಂಥ ಮಾತು! ಬಯ್ಯುತ್ತ ಬಯ್ಯುತ್ತಲೇ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟಿದ್ದಳು, ಇಟ್ಟ ಮೇಲೂ ಬಯ್ದಿದ್ದಳು. ಆ ಬೆಣ್ಣೆಗೆ ಒಂದು ರುಚಿ ಇತ್ತು. ಇಲ್ಲಿನ ಬೆಣ್ಣೆ ಬೆಳ್ಳಿಬಟ್ಟಲಲ್ಲಿ ಬರುತ್ತದೆ, ಬಾಯಲ್ಲಿ ಇಟ್ಟರೆ ಏನೂ ಅನ್ನಿಸುವುದಿಲ್ಲ.

ಈ ಮಾತನ್ನು ಅವನು ಹೆಂಡತಿ ಶಾಲಿನಿಗೆ ಒಮ್ಮೆ ಹೇಳಿಯೂ ಇದ್ದ. ಅವಳು ಹಾಸಿಗೆಯ ಮೇಲೆ ಹೊರಳಾಡಿ ನಕ್ಕಿದ್ದಳು. "ಬಯ್ಸ್ಕೋಬೇಕು ಅಂತ ಇಷ್ಟು ಆಸೆ ಇರೋ ಗಂಡಸನ್ನ ನಾನು ಎಲ್ಲೂ ಕಂಡಿಲ್ಲ ಕಣ್ರೀ! ಬೇಕಾದ್ರೆ ಹೇಳಿ, ನಾನೇ ಬಯ್ತೀನಿ, ಬಿಟ್ಟಿ." ಅವಳಿಗೇನು ಗೊತ್ತು. ಅವಳನ್ನು ಅಪ್ಪ ದಿನಕ್ಕೆ ಹತ್ತು ಸಲ ಕತ್ತೆ ಅನ್ನುತ್ತಾರೆ. ನಾಯಿಗೂ ಬಯ್ಯುತ್ತಾರೆ, ಪೋಸ್ಟಿನವನಿಗೂ ಬಯ್ಯುತ್ತಾರೆ, ಬಾರದ ಬಸ್ಸಿಗೂ ಬಯ್ಯುತ್ತಾರೆ. ಬಯ್ಗುಳದಿಂದಲೇ ನಡೆಯುವ ಮನೆ ಇದು, ಅದರ ನಡುವೆ ತಾನೊಬ್ಬ ಬಯ್ಗುಳವಿಲ್ಲದೆ ಒಣಗುತ್ತಿದ್ದೇನೆ ಎಂದು ರಾಜೀವನಿಗೆ ಅನ್ನಿಸುತ್ತಿತ್ತು. ನೆಂಟನಾಗಿ ಬಂದವನು ನೆಂಟನಾಗಿಯೇ ಮುದುಕನಾಗಿ, ಒಂದು ದಿನ ಅದೇ ಬೆನ್ನಿನ ಕುರ್ಚಿಯಲ್ಲಿ ಮರ್ಯಾದೆಯಿಂದ ಸಾಯುತ್ತೇನೆ, ಆಗಲೂ ಪರವಾಗಿಲ್ಲ ಬಿಡಿ ಅನ್ನುತ್ತಾರೆ.

ಮೆಣಸು ಒಣಹಾಕಿದ್ದ ಕಣದ ಅಂಚಿಗೆ ಒಂದು ಮೇಜು ಎಳೆದುಕೊಂಡು, ಅದರ ಮೇಲೆ ಕವಚವನ್ನು ಅಂಗಾತ ಇಟ್ಟ. ಬಾಯಿ ಮೇಲೆ, ನೆತ್ತಿ ಕೆಳಗೆ. ಒಳಗೆ ಒಂದು ರಾಟೆ, ರಾಟೆಯ ಸುತ್ತ ಕಿತ್ತ ಹಗ್ಗದ ಕೊಳೆತ ಸುರುಳಿ, ರಾಟೆಯ ಅಡಿಯಲ್ಲಿ ಗಡಿಯಾರದ ಸ್ಪ್ರಿಂಗಿನಂಥದೇ ಆದರೆ ಹೆಬ್ಬೆರಳಷ್ಟು ಅಗಲದ ಉಕ್ಕಿನ ಪಟ್ಟಿ. ನೋಡಿದ ಕೂಡಲೆ ಅವನಿಗೆ ಸಂತೋಷವಾಯಿತು. ಯಾಕೆ ಎಂದು ಕೇಳಿದರೆ ಹೇಳಲಾರ. ಮೂಡಿಗೆರೆಯ ಕಾಲೇಜಿನಲ್ಲಿ ಕಾಮರ್ಸು ಪಾಠ ಮಾಡಿದ ಕೈ ಅದು, ಸೀಮೆಸುಣ್ಣ ಬಿಟ್ಟು ಇನ್ನೇನನ್ನೂ ಹಿಡಿದದ್ದಲ್ಲ. ಆದರೂ ಇದು ಸುತ್ತುತ್ತದೆ, ಅದು ಎಳೆಯುತ್ತದೆ, ಇಲ್ಲಿ ಗಂಟು ಕೂತುಕೊಳ್ಳುತ್ತದೆ ಎಂದು ಒಂದೊಂದಾಗಿ ಕಣ್ಣಿಗೆ ಬಿಡಿಸಿಕೊಳ್ಳುತ್ತಿದ್ದ ಹಾಗೆ ಮೈಯೆಲ್ಲ ಹಗುರಾಯಿತು. ಬೆಟ್ಟದ ಕಡೆಯಿಂದ ಹೂವಿನ ವಾಸನೆ ಅಲೆಅಲೆಯಾಗಿ ಬರುತ್ತಿತ್ತು, ಜೇನುಹುಳುಗಳ ಸದ್ದು ದೂರದ ಭತ್ತದ ಗಿರಣಿಯಂತೆ ಒಂದೇ ಸಮ ಕೇಳುತ್ತಿತ್ತು. ಹೊಸ ಹಗ್ಗ ಬೇಕು. ಬಾವಿಹಗ್ಗ ದಪ್ಪ, ಬಾಳೆಪಟ್ಟೆ ಕಿತ್ತುಹೋಗುತ್ತದೆ. ತಲೆಯೆತ್ತಿದರೆ ಹಿತ್ತಿಲಲ್ಲಿ ಅತ್ತೆಯ ಸೀರೆ ಒಣಹಾಕುವ ಹಸಿರು ನೈಲಾನು ಹಗ್ಗ. ಕೇಳಬೇಕು ಎಂದು ಒಂದು ಹೆಜ್ಜೆ ಅಡುಗೆಮನೆಯ ಕಡೆ ಇಟ್ಟ, ನಿಂತ. ನೆಂಟ ಕೇಳುತ್ತಾನೆ. ಸೀರೆಗಳನ್ನು ದಾಸವಾಳದ ಬೇಲಿಯ ಮೇಲೆ ಹರವಿ, ಹಗ್ಗವನ್ನು ಎರಡೂ ಕಡೆ ಕತ್ತರಿಸಿಕೊಂಡು ಬಂದ. ವಿಮಲಮ್ಮ ಬಾಗಿಲಿಗೆ ಬಂದು ಬೇಲಿ ನೋಡಿದರು, ಅವನ ಕೈ ನೋಡಿದರು. "ಅಯ್ಯೋ, ನನ್ನ..." ಅಂದವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಇರ್ಲಿ ಇರ್ಲಿ, ಬಿಸಿಲು ಚೆನ್ನಾಗಿದೆ," ಅಂದರು. ಥೂ, ಇನ್ನೊಂದೇ ಮಾತು ಬಂದಿದ್ದರೆ!

ಒಲೆಯ ಕೆಂಡಕ್ಕೆ ತಾಗಿಸಿ ಹಗ್ಗದ ತುದಿ ಕರಗಿಸಿದ, ಬಿಚ್ಚಿಕೊಳ್ಳದ ಹಾಗೆ ಬೆರಳಲ್ಲಿ ಹೊಸೆದ, ಸುಟ್ಟಿತು, ಊದಿಕೊಂಡ. ಇನ್ನು ಮುಖ್ಯವಾದ ಕೆಲಸ. ರಾಟೆಯನ್ನು ಕೈಯಿಂದ ನಾಲ್ಕು ಸುತ್ತು ತಿರುಗಿಸಿ ಸ್ಪ್ರಿಂಗನ್ನು ಬಿಗಿ ಮಾಡಿಕೊಂಡು, ಬಿಡದೆ ಹಿಡಿದು, ತೂತಿನಲ್ಲಿ ಹಗ್ಗ ಪೋಣಿಸಿ ಗಂಟು ಹಾಕಬೇಕು. ಆಗ ಕೈ ಬಿಟ್ಟರೆ ಸ್ಪ್ರಿಂಗು ಹಗ್ಗವನ್ನು ತಾನೇ ಸುತ್ತಿಕೊಳ್ಳುತ್ತದೆ. ಅಷ್ಟು ಹೊತ್ತಿಗೆ ಮನೆಮಂದಿಯೆಲ್ಲ ಕಣಕ್ಕೆ ಬಂದಿದ್ದರು. ಮಂಜಯ್ಯನವರು ಸ್ಟೂಲು ಹಾಕಿಸಿಕೊಂಡು ಕೂತರು. "ಪ್ರದಕ್ಷಿಣೆ ಸುತ್ತಿ ಅಳಿಯಂದಿರೇ," ಅಂದರು. "ಯಾವುದನ್ನೇ ಆಗ್ಲಿ ಬಲಕ್ಕೆ ಸುತ್ಬೇಕು. ಬೀಸೋಕಲ್ಲು ಬಲಕ್ಕೆ, ಗಡಿಯಾರ ಬಲಕ್ಕೆ, ದೇವರಿಗೆ ಬರೋದೂ ಬಲಕ್ಕೆ." ತಮ್ಮಯ್ಯ, "ಹೌದು ಅಯ್ಯಾ, ಎಡಕ್ಕೆ ಬರೋದು ಹೆಣಕ್ಕೆ ಮಾತ್ರ," ಎಂದು ಒತ್ತು ಕೊಟ್ಟ. "ಬಿಡ್ತು ಅನ್ನೋ! ಹೂ ಬಿರಿದ ದಿನ ಎಂಥ ಮಾತಾಡ್ತೀಯೋ ಮಾರಾಯ!" ಎಂದು ಮಂಜಯ್ಯನವರು ಗದರಿದರು. ರಾಜೀವ ಬಲಕ್ಕೇ ತಿರುಗಿಸಿದ. ಮೊದಲ ಸುತ್ತಿನಲ್ಲೇ ಬೆರಳಿಗೆ ಗೊತ್ತಾಯಿತು, ಬಿಗಿಯಾಗಬೇಕಾದದ್ದು ಸಡಿಲವಾಗುತ್ತಿದೆ ಎಂದು. ಹೇಳಬೇಕಿತ್ತು. ಆದರೆ ಹಿರಿಯರ ಮಾತು, ಬೆಳ್ಳಿಬಟ್ಟಲ ಋಣ, ಬಾಯಿ ಬರಲಿಲ್ಲ. ಎರಡನೆಯ ಸುತ್ತಿಗೆ ಒಳಗೆ ಕಟಕ್ ಎಂದಿತು, ಮೂರನೆಯದಕ್ಕೆ ರಾಟೆ ಎಗರಿತು, ಉಕ್ಕಿನ ಪಟ್ಟಿ ಬುಸ್ಸೆಂದು ಹೊರಗೆ ಹಾರಿ ಗಾಳಿಯಲ್ಲಿ ಬಿಚ್ಚಿಕೊಂಡು ಮೆಣಸಿನ ರಾಶಿಯ ನಡುವೆ ಹೋಗಿ ಬಿದ್ದು ಹೊರಳಾಡಿತು. "ಹಾವು! ಹಾವು!" ಎಂದು ವಿಮಲಮ್ಮ ಸ್ಟೂಲು ಹತ್ತಿದರು, ಸ್ಟೂಲಿನ ಮೇಲಿದ್ದ ಗಂಡನನ್ನು ತಳ್ಳಿಯೇ ಹತ್ತಿದರು. ಕೋಳಿಗಳು ಕೊಟ್ಟಿಗೆಯ ಮಾಡು ಸೇರಿದವು. ತಮ್ಮಯ್ಯ ಹಿಡಿಸೂಡಿ ಎತ್ತಿ ಎರಡು ಬಾರಿಸಿದ ಮೇಲೆಯೇ ಅದು ಸ್ಪ್ರಿಂಗು ಎಂದು ಗೊತ್ತಾದದ್ದು. ಶಾಲಿನಿ ಜಗಲಿಯ ಕಂಬ ಹಿಡಿದುಕೊಂಡು ನಕ್ಕು ನಕ್ಕು ಕುಸಿದು ಕೂತಳು. ನಗಬಾರದು ಅಂದುಕೊಂಡ ರಾಜೀವನಿಗೂ ನಗು ಒತ್ತಿಕೊಂಡು ಬಂತು. ಹೆಬ್ಬೆರಳು ಕುಯ್ದು ರಕ್ತ ಬರುತ್ತಿದ್ದುದನ್ನು ಆಮೇಲೆ ನೋಡಿಕೊಂಡ. "ಪರವಾಗಿಲ್ಲ," ಎಂದರು ಮಂಜಯ್ಯನವರು ನೆಲದಿಂದ ಏಳುತ್ತ, "ಯಾರಿಗಾದ್ರೂ ಆಗುತ್ತೆ."

ಸ್ಪ್ರಿಂಗನ್ನು ವಾಪಸು ಕೂಡಿಸುವುದೆಂದರೆ ಹಟಮಾರಿ ಮಗುವಿಗೆ ಅಂಗಿ ತೊಡಿಸಿದ ಹಾಗೆ. ಒಂದು ಕೈ ಒಳಗೆ ಹೋದರೆ ಇನ್ನೊಂದು ಹೊರಗೆ. ಹೊರ ತುದಿಯ ಕೊಕ್ಕೆಯನ್ನು ಕವಚದ ಗೋಡೆಗೆ ಸಿಕ್ಕಿಸಿ, ಗ್ರೀಸು ಮೆತ್ತಿ, ಸುತ್ತಿನ ಒಳಗೆ ಸುತ್ತು, ಸುತ್ತಿನ ಒಳಗೆ ಸುತ್ತು, ಅಂಗೈಯಿಂದ ಒತ್ತಿ ಹಿಡಿಯುತ್ತ ಹೋದ. ಎರಡು ಸಲ ಎಗರಿತು. ಊಟಕ್ಕೆ ಕರೆದರು, ಹೋಗಲಿಲ್ಲ. ಅಳಿಯ ಉಣ್ಣದೆ ಮನೆಯವರು ಉಣ್ಣುವಂತಿಲ್ಲ, ಅದೂ ಒಂದು ಮರ್ಯಾದೆ. ಹಾಗಾಗಿ ಎಲ್ಲರೂ ಹಸಿದುಕೊಂಡು ಸುತ್ತ ನಿಂತರು. ಬಿಸಿಲು ತಲೆಯ ಮೇಲಿಂದ ಹೆಗಲಿಗೆ ಇಳಿಯಿತು. ಪಟ್ಟಿ ಕೊನೆಗೂ ಪೂರ್ತಿ ಕೂತು ಅಲುಗಾಡದೆ ನಿಂತಾಗ, ತೊಟ್ಟಿಲಲ್ಲಿ ನಿದ್ದೆ ಹೋದದ್ದನ್ನು ನೋಡುವಂತೆ ಅವನು ಉಸಿರು ಬಿಡದೆ ಅದನ್ನೇ ನೋಡಿದ. ಆಮೇಲೆ ರಾಟೆಯನ್ನು ಮೇಲೆ ಕೂಡಿಸಿ ಎಡಕ್ಕೆ ತಿರುಗಿಸಲು ಕೈ ಇಟ್ಟ.

"ಎಡಕ್ಕಲ್ಲ, ಎಡಕ್ಕಲ್ಲ," ಮಂಜಯ್ಯನವರು ಸ್ಟೂಲಿನಿಂದ ಎದ್ದರು. "ಪ್ರದಕ್ಷಿಣೆ!"

"ಮಾವ, ಬಲಕ್ಕೆ ತಿರುಗ್ಸಿದ್ರೆ ಮತ್ತೆ ಎಗರುತ್ತೆ."

"ಆಗ ಎಲ್ಲೋ ಕೊಕ್ಕೆ ತಪ್ಪಿರ್ಬೇಕು. ನೋಡಿ, ನಮ್ಮ ಅಪ್ಪ ಹೇಳೋರು, ದೊರೆ ಬಲಕ್ಕೇ ತಿರುಗ್ತಾನೆ, ಮೇಲಿಂದ ನಾನೇ ನೋಡಿದೀನಿ. ನಿಮಗೆ ಗೊತ್ತಿಲ್ಲ. ಒಂದು ಶುಭದಿನ ನೋಡ್ಕೊಂಡು ಎಡಸುತ್ತು ಹಾಕೋದು..."

"ಸುಮ್ನಿರಿ ಮಾವ!" ರಾಜೀವ ಕಿರುಚಿದ. "ಗೊತ್ತಿಲ್ದೇ ಇರೋದು ನಿಮಗೆ!"

ತಮ್ಮಯ್ಯ ಹಿಡಿಸೂಡಿಯನ್ನು ಮೆಲ್ಲಗೆ ನೆಲಕ್ಕಿಟ್ಟ. ರಾಜೀವನ ಕಿವಿಯಲ್ಲಿ ತನ್ನದೇ ದನಿ ಗುಂಯ್ ಎನ್ನುತ್ತಿತ್ತು. ಯಾರ ದನಿ ಇದು, ಇಷ್ಟು ವರ್ಷ ಎಲ್ಲಿತ್ತು? ಹೆದರಿಕೆಯ ಅಡಿಯಲ್ಲಿ ಎಂಥದೋ ಖುಷಿ ಬುಗ್ಗೆಯಂತೆ ಏಳುತ್ತಿತ್ತು, ಅದನ್ನು ಮುಚ್ಚಿಡಲೂ ಆಗದು. ದೊರೆ ಬಲಕ್ಕೆ ತಿರುಗುತ್ತಾನೆ, ಸರಿ. ಮೇಲಿಂದ ನೋಡಿದರೆ ಸರಿ. ಆದರೆ ನಾವೀಗ ನೋಡುತ್ತಿರುವುದು ಎಲ್ಲಿಂದ? ಮೇಜಿನ ಮೇಲೆ ಅಂಗಾತ ಮಲಗಿದ ಕವಚ, ಅದರ ಹೊಟ್ಟೆಯೊಳಗೆ ನಾವು ಇಣುಕುತ್ತಿದ್ದೇವೆ. ಇದನ್ನು ಹೇಗೆ ಹೇಳಲಿ ಎಂದು ತಡಕಾಡುವಾಗ, ಕೆಂಪು ನೀರು ತುಂಬಿದ ತಟ್ಟೆಯೊಂದು ಕಣ್ಣ ಮುಂದೆ ತೇಲಿ ಬಂತು. ಮದುವೆಯ ದಿನ, ಮೊದಲ ಯುಗಾದಿಗೆ, ದೀಪಾವಳಿಗೆ, ಇಲ್ಲಿಯೇ ಉಳಿಯಲು ಬಂದ ದಿನ, ಎಷ್ಟು ಸಲ ಇವರು ಅವನನ್ನು ಮಣೆಯ ಮೇಲೆ ಕೂಡಿಸಿ ಆರತಿ ಎತ್ತಿಲ್ಲ! ಮಣೆಯ ಮೇಲೆ ಗೊಂಬೆಯಂತೆ ಕೂತು, ಎಲ್ಲಿ ನೋಡಬೇಕೆಂದು ತಿಳಿಯದೆ, ಅವನು ಪ್ರತಿ ಸಲವೂ ತಟ್ಟೆಯನ್ನೇ ನೋಡಿದ್ದ. ಅದು ಯಾವ ಕಡೆಗೆ ಸುತ್ತುತ್ತದೆ ಎಂದು ಅವನಷ್ಟು ಚೆನ್ನಾಗಿ ಈ ಮನೆಯಲ್ಲಿ ಯಾರಿಗೂ ಗೊತ್ತಿರಲಾರದು.

"ಅತ್ತೆ, ಒಂದು ತಟ್ಟೆ ತನ್ನಿ. ಮಾವ, ನೀವಿಲ್ಲಿ ಕೂತ್ಕೊಳ್ಳಿ. ಅತ್ತೆ, ಅವರಿಗೆ ಆರತಿ ಎತ್ತಿ."

"ಈ ವಯಸ್ಸಲ್ಲಿ ಇದೆಂಥ ಹುಡುಗಾಟ," ಅಂದರು ವಿಮಲಮ್ಮ. ಅಂದರೂ ಮೆಣಸು ಕೇರುವ ಮೊರದ ಪಕ್ಕದಲ್ಲಿದ್ದ ತಟ್ಟೆಯನ್ನು ಎತ್ತಿಕೊಂಡರು. ಸೆರಗು ಸರಿಮಾಡಿಕೊಂಡು, ತಡೆಯಲಾಗದೆ ನಗುತ್ತ, ಗಂಡನ ಮುಂದೆ ಖಾಲಿ ತಟ್ಟೆಯನ್ನು ಸುತ್ತಿಸಿದರು.

"ಯಾವ ಕಡೆಗೆ ಸುತ್ತಿದ್ರಿ ಅತ್ತೆ?"

"ಇನ್ಯಾವ ಕಡೆಗೆ? ಪ್ರದಕ್ಷಿಣೆ."

"ಮಾವ, ನಿಮ್ಮ ಕಡೆಯಿಂದ ಯಾವ ಕಡೆಗೆ ಹೋಯ್ತು?"

ಮಂಜಯ್ಯನವರು ಬೆರಳನ್ನು ಗಾಳಿಯಲ್ಲಿ ತಟ್ಟೆಯ ಹಿಂದೆಯೇ ಆಡಿಸಿದರು. "ಇನ್ನೊಂದು ಸಲ ಎತ್ತೇ," ಅಂದರು. ಎತ್ತಿದರು. "ಎಡಕ್ಕೆ," ಅಂದರು ಮಂಜಯ್ಯನವರು. "ಎಡಕ್ಕೆ ಹೋಗುತ್ತಲ್ಲೇ ಇದು! ಇಷ್ಟು ವರ್ಷದಿಂದ ದೇವರಿಗೆ ಎಡಕ್ಕೆ ಎತ್ತಿದೀಯೇನೇ?"

"ನಿಮ್ಮ ಮದುವೇಲಿ ನೋಡ್ಲಿಲ್ವಾ ಅಪ್ಪಾ?" ಎಂದಳು ಶಾಲಿನಿ.

"ಮದುವೇಲಿ ಯಾವನು ತಟ್ಟೆ ನೋಡ್ತಾನೆ ಕತ್ತೆ, ತಟ್ಟೆ ಆಚೆ ನಿಂತಿದ್ದೋಳನ್ನ ನೋಡ್ತಿದ್ದೆ." ವಿಮಲಮ್ಮನ ಮುಖ ಮಾಗಿದ ಕಾಫಿಹಣ್ಣಿನ ಬಣ್ಣಕ್ಕೆ ತಿರುಗಿತು. ಮಂಜಯ್ಯನವರು ಎದ್ದು ಮೇಜಿನ ಹತ್ತಿರ ಬಂದು, ಕವಚವನ್ನು ಎತ್ತಿ ಟೋಪಿಯಂತೆ ಕವುಚಿ ಹಿಡಿದು ನೆತ್ತಿಯ ಕಡೆಯಿಂದ ನೋಡಿದರು, ಮತ್ತೆ ಮಗುಚಿ ಒಳಗೆ ನೋಡಿದರು. ಮೇಲಿಂದ ಬಲ, ಒಳಗಿಂದ ಎಡ. ಸುತ್ತು ಒಂದೇ. ತೊಡೆ ತಟ್ಟಿಕೊಂಡು ನಗತೊಡಗಿದರು. "ಅಳಿಯ ಅಲ್ಲ ಮಗಳ ಗಂಡ! ಹಂಗಾಯ್ತಲ್ಲೋ ಇದು! ಮತ್ತೆ ಬೆಳಿಗ್ಗೇನೇ ಬೊಗಳೋದಕ್ಕೇನಾಗಿತ್ತು ನಿಂಗೆ ಮಾರಾಯ? ನನ್ನ ಮಾತು ಕೇಳ್ಕೊಂಡು ಸ್ಪ್ರಿಂಗ್ ಹಾರಿಸ್ಕೊಂಡು ಕೂತಿದೀಯಲ್ಲ!"

ರಾಜೀವನ ಕೈ ನಿಂತುಹೋಯಿತು. ಕೇಳಿದ್ದು ನಿಜವೇ? ಆದರೆ ಮಂಜಯ್ಯನವರಿಗೂ ಅದು ಕೇಳಿಸಿತ್ತು. ನಗು ಅರ್ಧಕ್ಕೆ ನಿಂತಿತು, ಹೆಂಡತಿಯ ಮುಖ ನೋಡಿದರು, ಟವೆಲಿನಿಂದ ಮೂಗು ಒರೆಸಿಕೊಂಡರು. "ಅಂದ್ರೆ, ನೀವು ಹೇಳಬಹುದಿತ್ತು ಅಂತ. ತಪ್ಪು ತಿಳೀಬೇಡಿ." ಬಂದದ್ದು ಹೋಯಿತು. ಬಾಯಿಗೆ ಬಂದ ತುತ್ತು. ರಾಜೀವ ತಲೆ ತಗ್ಗಿಸಿ ರಾಟೆಯನ್ನು ಎಡಕ್ಕೆ ತಿರುಗಿಸಿದ. ಒಂದು, ಎರಡು, ಮೂರು, ನಾಲ್ಕು. ಸ್ಪ್ರಿಂಗು ಪ್ರತಿ ಸುತ್ತಿಗೂ ಅಂಗೈಗೆ ಎದುರಾಡುತ್ತ ಬಿಗಿಯಾಯಿತು, ಎದುರಾಡುತ್ತಿರುವುದೇ ಹಿತವಾಗಿತ್ತು. ಶಾಲಿನಿ ಹಗ್ಗ ಪೋಣಿಸಿದಳು, ಅವನು ಗಂಟು ಬಿಗಿದ, ಇನ್ನೊಂದು ತುದಿಗೆ ಮರದ ಹಿಡಿ ಕಟ್ಟಿದ, ಕೈ ಬಿಟ್ಟ. ಅತ್ತೆಯ ಹಸಿರು ಹಗ್ಗ ಸರಸರನೆ ಒಳಗೆ ಹೋಗಿ, ಹಿಡಿ ಟಕ್ ಎಂದು ಕವಚಕ್ಕೆ ಬಂದು ಅಂಟಿಕೊಂಡಿತು. ಎಳೆದರೆ ಬರುತ್ತದೆ, ಬಿಟ್ಟರೆ ಹೋಗುತ್ತದೆ. ಎಲ್ಲರೂ ಒಂದೊಂದು ಸಲ ಎಳೆದು ನೋಡಿದರು, ತಮ್ಮಯ್ಯ ಎರಡು ಸಲ.

ಕೆರೆಗೆ ಇಳಿಯುವಾಗ ಬಿಸಿಲು ಓರೆಯಾಗಿ ಆಚೆ ಗುಡ್ಡದ ಮೇಲೆ ಬಿದ್ದಿತ್ತು. ಬೋಲ್ಟು ಬಿಗಿದಾಯಿತು, ಪೆಟ್ರೋಲಿನ ನಲ್ಲಿ ತಿರುಗಿಸಿದ್ದಾಯಿತು. ರಾಜೀವ ದೋಣಿಯಲ್ಲಿ ನಿಂತು ಮೆತ್ತಗೆ, ಕಿವಿ ಹಿಂಡುವಷ್ಟೇ ಮೆತ್ತಗೆ ಎಳೆದ. ಕೆಮ್ಮಿತು. ಹಗ್ಗ ವಾಪಸು ಹೋಯಿತು. ಇನ್ನೊಮ್ಮೆ ಎಳೆದ. ಕೆಮ್ಮಿ ಉಗುಳಿತು. "ಏಳಪ್ಪಾ ದೊರೆ, ಏಳೋ ನನ್ನಪ್ಪಾ," ಎಂದು ವಿಮಲಮ್ಮ ದಡದಲ್ಲಿ ಕೈಮುಗಿದರು. ಮತ್ತೆ ಎಳೆದ. ದೊರೆ ಎದ್ದ! ನೀಲಿ ಹೊಗೆ ಎದ್ದಿತು, ಬಡಬಡಬಡ ಎಂದು ಇಡೀ ಕಣಿವೆ ನಡುಗಿತು, ಮರದಲ್ಲಿದ್ದ ಮಂಗಟ್ಟೆ ಹಕ್ಕಿಗಳು ಬಯ್ದುಕೊಂಡು ಹಾರಿಹೋದವು. ತಮ್ಮಯ್ಯ ಟವೆಲು ಬೀಸಿ ಕುಣಿದ. ರಾಜೀವನಿಗೆ ಕಣ್ಣಲ್ಲಿ ನೀರು ಬಂತು, ಹೊಗೆಯ ನೆಪ ಇತ್ತು ಸದ್ಯ. ಅಭ್ಯಾಸ ಬಲ ನೋಡಿ, ಮುಂದಿನ ಮೆತ್ತೆ ಹಾಕಿದ ಹಲಗೆಯೇ ತನ್ನದು ಎಂದು ಕಾಲು ಆ ಕಡೆಗೇ ಹೊರಟಿತು.

"ಏ, ಏ, ಏ! ಎಲ್ಲಿ ಕೂರೋಕೆ ಹೋಗ್ತೀಯೋ?" ಎಂಜಿನ್ನಿನ ಸದ್ದನ್ನು ಮೀರಿ ಮಂಜಯ್ಯನವರು ಅಬ್ಬರಿಸಿದರು. "ಇಳಿಯೋ ಕೆಳಗೆ! ಮೂರು ಜನ ಹತ್ತಿದ್ರೆ ಮುಳುಗುತ್ತೆ ದೋಣಿ. ಇಳ್ದು ಅವಳನ್ನ ಹತ್ತಿಸು ಮೊದ್ಲು, ಬೆಳಕು ಹೋಗುತ್ತೆ!"

ರಾಜೀವ ಇಳಿದ. ಇಳಿದನೆಂದರೆ ಮೊಣಕಾಲುದ್ದ ನೀರಿಗೆ, ಪ್ಯಾಂಟು ಚಪ್ಪಲಿ ಸಮೇತ. ವಿಮಲಮ್ಮ ಅವನ ಹೆಗಲಿಗೆ ಕೈ ಹಾಕಿ ಪೂರ್ತಿ ಭಾರ ಬಿಟ್ಟು ಹತ್ತಿದರು. "ಗಟ್ಟಿ ಹಿಡ್ಕೊಳೋ, ಬೀಳ್ಸ್ಬಿಟ್ಟೀಯ! ಹಗ್ಗ ಕಿತ್ತಿದ್ದಲ್ದೆ ನನ್ನ ಸೊಂಟಾನೂ ಮುರೀಬೇಡ. ಕೋಡುಬಳೇನೆಲ್ಲ ಪುಡಿ ಮಾಡಿಟ್ಟಿದೀಯ, ನೋಡು ಈ ಡಬ್ಬನ!" ಮಂಜಯ್ಯನವರೂ ಹತ್ತಿ ಮೋಟರಿನ ಮುಂದೆ ಕೂತ ಮೇಲೆ ಅವನು ದೋಣಿಯ ಮೂತಿಗೆ ಎದೆ ಕೊಟ್ಟು ತಳ್ಳಿದ. ಕೆಸರಿನಲ್ಲಿ ಕಾಲು ಹೂತು ಒಂದು ಚಪ್ಪಲಿ ಅಲ್ಲೇ ಉಳಿಯಿತು. ದೋಣಿ ಜಾರಿತು, ತಿರುಗಿತು, ಅವನ ಮೈಮೇಲೆ ಒಂದು ಕೊಡ ನೀರು ಎರಚಿ ಹೊರಟೇ ಹೋಯಿತು. ಯಾರೂ ತಿರುಗಿ ಕೂಡ ನೋಡಲಿಲ್ಲ. ಇಬ್ಬರು ಮುದುಕರ ಬೆನ್ನು, ನಡುವೆ ಕೊಡೆ, ಎದುರಿಗೆ ಗುಡ್ಡ ತುಂಬ ಹಾಲು ಚೆಲ್ಲಿದ ಹಾಗೆ ಹೂ. ಅವನು ನೀರಿನಲ್ಲೇ ನಿಂತಿದ್ದ, ಮುಖದಿಂದ ಕೆಸರು ತೊಟ್ಟಿಕ್ಕುತ್ತಿತ್ತು. ದಡದಲ್ಲಿ ಶಾಲಿನಿ, "ಹೊಟ್ಟೆ ತುಂಬ್ತೇನ್ರೀ?" ಅಂದಳು.

ಕೆರೆಯ ನಡುವೆ ಸದ್ದು ನಿಂತಿತು. ಗಂಟು ಬಿಚ್ಚಿತೇ? ದೂರದಲ್ಲಿ ಮಂಜಯ್ಯನವರು ಬಾಗಿದರು, ಹಿಡಿ ಹಿಡಿದರು, ಎಳೆದರು, ಬಡಬಡಬಡ. ಮತ್ತೆ ಆರಿಸಿದರು. ಮತ್ತೆ ಎಳೆದರು. ಬೇಕೆಂದೇ! ಹೊಸ ಹಗ್ಗ ಎಳೆಯುವ ಸುಖಕ್ಕೆ! ವಿಮಲಮ್ಮನ ನಗು ನೀರಿನ ಮೇಲೆ ತೇಲಿ ದಡದ ತನಕ ಬಂತು. ಮೂರನೆಯ ಸಲ ಆರಿಸಿದಾಗ ಮಂಜಯ್ಯನವರು ದೋಣಿಯಲ್ಲಿ ಎದ್ದು ನಿಂತು ಎರಡೂ ಕೈಗಳನ್ನು ಬಾಯಿಯ ಸುತ್ತ ಹಿಡಿದರು.

"ಲೋ! ಏನೋ ಅಲ್ಲಿ ಕಂಬದ ಥರ ನಿಂತು ನೋಡ್ತಿದೀಯ? ಹಸಿವಾಗ್ತಿದೆ ನಮಗೆ, ಸ್ನಾನ ಮಾಡಿ ಉಣ್ಬೇಕು! ಹೋಗಿ ಹಂಡೆಗೆ ಉರಿ ಹಾಕೋ! ನಾವು ಬರೋಷ್ಟರಲ್ಲಿ ನೀರು ಕಾದಿರ್ಬೇಕು!"

"ಬಂದೆ ಅಯ್ಯಾ, ಹಾಕ್ದೆ!" ತಮ್ಮಯ್ಯ ಟವೆಲು ಹೆಗಲಿಗೆಸೆದು ಓಡಲು ಹೊರಟ.

ರಾಜೀವ ನೀರಿನಿಂದ ದಡಬಡ ಎದ್ದು ಬಂದು ಅವನ ರಟ್ಟೆ ಹಿಡಿದು ನಿಲ್ಲಿಸಿದ. "ನಿಲ್ಲೋ ಮಾರಾಯ," ಅಂದ, ಏದುಸಿರು ಬಿಡುತ್ತ, "ಅದು ನನಗೆ ಹೇಳಿದ್ದು." ಒಂದು ಕಾಲಿಗೆ ಚಪ್ಪಲಿ, ಇನ್ನೊಂದು ಬರಿಗಾಲು, ಮನೆಯ ದಿಣ್ಣೆ ಹತ್ತಿ ಓಡಿದ.